ಟೂಲಿಯಾಳ ಮರ

ಪೆನೀನಾ ಸತ್ತವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳಿನ ಗೆರೆಗಳಲ್ಲಿದ್ದ ಕಪ್ಪನ್ನು ಉಜ್ಜುತ್ತಿದ್ದಳು. ನಿಂಬೆಹುಳಿ ಹಚ್ಚಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು, ಸೋಪು ಹಾಕಿದಳು. ಕಪ್ಪು ಹೋಗಲೊಲ್ಲದು. ಅದು ನಲವತ್ತು ವರ್ಷ ತೊಗಟೆ ಜಜ್ಜಿದ ಕೈ.

"ಬಿಡೇ, ಚರ್ಮ ಕಿತ್ತು ಬಂದೀತು," ಎಂದಳು ನೆರೆಮನೆಯ ಲೂಪೆ. "ಆ ಕಪ್ಪು ಕೈ ನೋಡದಿದ್ರೆ ಸ್ವರ್ಗದ ಬಾಗಿಲಲ್ಲಿ ಅವಳ ಗುರುತೇ ಹತ್ತಲ್ಲ."

ಸುತ್ತ ಕೂತ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪೆನೀನಾ ನಗಲಿಲ್ಲ. ತಣ್ಣಗಿನ ಬೆರಳುಗಳು ತನ್ನ ಬೆರಳನ್ನು ಮೆಲ್ಲಗೆ ಅಮುಕಿದಂತೆ ಅವಳಿಗೆ ಅನಿಸಿತ್ತು. ಕೈಯನ್ನು ಬೇಗ ಚಾಪೆಯ ಮೇಲಿಟ್ಟು ಹಿಂದಕ್ಕೆ ಸರಿದಳು.

ಸಮೋವಾದ ಕಡಲಂಚಿನ ಆ ಮನೆಗೆ ಗೋಡೆಗಳಿರಲಿಲ್ಲ. ಕಂಬಗಳ ನಡುವಿನ ಚಾಪೆಗಳನ್ನೆಲ್ಲ ಎತ್ತಿ ಕಟ್ಟಿದ್ದರು. ಅಂಗಳದಲ್ಲಿ ಗಂಡಸರು ಗುಂಡಿ ತೋಡುತ್ತಿದ್ದರು. ಹಾರೆ ಕಪ್ಪುಗಲ್ಲಿಗೆ ತಾಗಿ ಠಣ್ ಎನ್ನುತ್ತಿತ್ತು.

ಅವಳು ಟೂಲಿಯಾಳ ತಂಗಿಯ ಮಗಳು. ಆರು ವರ್ಷಕ್ಕೆ ತಾಯಿ ಹೋದ ಮೇಲೆ ದೊಡ್ಡಮ್ಮನ ಕೈಯಲ್ಲೇ ಬೆಳೆದಳು. ಈಗ ಅವಳಿಗೆ ನಲವತ್ತೈದು. ದ್ವೀಪದ ಈ ಮಗ್ಗುಲಲ್ಲಿ ಕಾಮಾಲೆ ಬಂದವರೆಲ್ಲ ಟೂಲಿಯಾಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳು ತೊಗಟೆಯನ್ನು ಜಜ್ಜಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿನೀರಿನಲ್ಲಿ ಅದ್ದಿ ಕುಡಿಸುತ್ತಿದ್ದಳು. ಪ್ರತಿಯಾಗಿ ಒಂದು ಕೆಸುವಿನ ಗಡ್ಡೆಯನ್ನೂ ಮುಟ್ಟಿದವಳಲ್ಲ. ಗುಣ ಕೊಡುವವನು ದೇವರು, ಅವನ ಕೆಲಸಕ್ಕೆ ತಾನು ಹೇಗೆ ಕೈಯೊಡ್ಡಲಿ ಎನ್ನುತ್ತಿದ್ದಳು.

"ಅಲ್ವೇ," ಎಂದಳು ಲೂಪೆ, ಚಹಾ ಬಗ್ಗಿಸುತ್ತ. "ಡಾಕ್ಟ್ರು ಕಟ್ಟಿಸಿಕೊಟ್ಟ ತೊಟ್ಟಿ ಅಂಗಳದಲ್ಲೇ ಇದೆ. ಮಳೆನೀರು ತುಂಬಿ ಚೆಲ್ಲುತ್ತೆ. ಅದನ್ನ ಬಿಟ್ಟು ಈ ಮುದುಕಿ ಮೊಣಕಾಲು ಎಳ್ಕೊಂಡು ಕಡಲ ಬಂಡೆ ಸಂದಿಯ ಸಿಹಿನೀರಿನ ಊಟೆಗೆ ಯಾಕೆ ಹೋಗ್ತಿದ್ಲು? ಅಲ್ಲೇ ಜಾರಿ ಬಿದ್ಲಲ್ಲ."

ಪೆನೀನಾ ತಲೆ ಬಗ್ಗಿಸಿ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡಳು. ಊಟೆಗೆ ಹೋಗುತ್ತಿದ್ದ ಕಾರಣ ಗೊತ್ತಿದ್ದವರು ಇಬ್ಬರೇ. ಒಬ್ಬಳು ಚಾಪೆಯ ಮೇಲೆ ಮಲಗಿದ್ದಳು.

ಆಗ ಸೇಫೊ ಒಳಗೆ ಬಂದ. ಸತ್ತವಳ ಅಣ್ಣ, ಮನೆತನದ ಹಿರಿಯ, ಎಂಬತ್ತರ ಮುದುಕ. ಕೈಯಲ್ಲಿ ತಂಗಿಯ ಊರುಗೋಲು ಹಿಡಿದಿದ್ದ.

"ಪೆನೀನಾ, ಹೆಣದ ಮುಂದೆ ಚಾಪೆ ಅರ್ಪಿಸೋವಾಗ ನಿನ್ನದು ಕಡೇಲಿ ಬರ್ಲಿ. ಅದಾದ ಮೇಲೆ ನನ್ನ ಮಾತು. ಟೂಲಿಯಾ ಹೇಳಿದ್ದನ್ನ ಹೇಳಿಬಿಡ್ತೀನಿ."

"ಏನ್ ಹೇಳಿದ್ಲು ಮಾವ?"

"ನಿಂಗೂ ಗೊತ್ತಲ್ಲ. ನನ್ನ ಮದ್ದು ಸುಳ್ಳಾಯ್ತು, ದೇವರು ಕೊಟ್ಟದ್ದನ್ನ ನಾನು ಮಾರಿಕೊಂಡೆ, ಊರ ಮುಂದೆ ನನ್ನ ಪರವಾಗಿ ಕ್ಷಮೆ ಕೇಳು ಅಂದ್ಲು. ಕೇಳದೆ ಮಣ್ಣು ಹಾಕಕ್ಕೆ ನಂಗೆ ಧೈರ್ಯ ಇಲ್ಲ."

ಪೆನೀನಾಳ ಕೈಯಿಂದ ಎಣ್ಣೆಯ ಬಟ್ಟಲು ಜಾರಿ ಉರುಳಿತು.

*

ಎರಡು ವರ್ಷದ ಹಿಂದೆ ಡಾಕ್ಟರ್ ರೂತ್ ಎಂಬ ಹೆಂಗಸು ಸಮುದ್ರದಾಚೆಯ ದೊಡ್ಡ ಪ್ರಯೋಗಶಾಲೆಯಿಂದ ಬಂದಳು. ಮದ್ದಿನ ಗಿಡಗಳನ್ನು ಹುಡುಕುವುದೇ ಅವಳ ಕೆಲಸ. ಟೂಲಿಯಾ ತನ್ನ ಕೈಯಿಂದಲೇ ಒಂದು ಹಿಡಿ ತೊಗಟೆ ಕೊಟ್ಟಳು. ಅದು ಗಾಜಿನ ತಟ್ಟೆಯಲ್ಲಿ ಕಾಮಾಲೆಯ ವೈರಸ್ಸನ್ನು ಕೊಂದಿತೆಂದು ಕಾಗದ ಬಂತು. ಊರಿಗೆಲ್ಲ ಹಬ್ಬವಾಯಿತು. ಆಗಲೇ ಪ್ರಯೋಗಶಾಲೆಯವರು ನೀರಿನ ತೊಟ್ಟಿ ಕಟ್ಟಿಸಿಕೊಟ್ಟದ್ದು. ಬೇಡ ಎಂದು ಟೂಲಿಯಾ ಎರಡು ಸಲ ಹೇಳಿ, ಮೂರನೆಯ ಸಲ ಊರಿನವರ ಒತ್ತಾಯಕ್ಕೆ ಸುಮ್ಮನಾದಳು.

ಹತ್ತು ತಿಂಗಳ ಹಿಂದೆ ರೂತ್ ಮತ್ತೆ ಬಂದು ಮೂರು ಮೂಟೆ ತೊಗಟೆ ಕೇಳಿದಳು. ಅಷ್ಟು ಹೊತ್ತಿಗೆ ಟೂಲಿಯಾಳ ಮೊಣಕಾಲು ಸೋತಿತ್ತು.

"ನಮ್ಮ ಮರ ಕಪ್ಪುಗಲ್ಲ ಬಯಲಿನ ಆಚೆ, ಗುಹೆ ಬಾಯಿಗೆ ಇದೆ," ಎಂದು ಪೆನೀನಾಳಿಗೆ ಹೇಳಿದಳು. "ಅದರ ಸುತ್ತ ಇರೋವೂ ಅದೇ ಜಾತಿ. ಎಲೆ ತೊಟ್ಟು ಕೆಂಪಗಿರುತ್ತೆ. ಚರ್ಚಿನ ಹಿಂದೆ ಇರೋದನ್ನ ಮುಟ್ಬೇಡ. ಎಲೆ ಒಂದೇ ಥರ, ಗುಣ ಬೇರೆ."

ಕಾಡಿಗೆ ಹೋಗುವವರು ಕೆಂಪು ತೊಡುವುದಿಲ್ಲ. ಗುಹೆಯಲ್ಲಿರುವ ದೆವ್ವದ ಹೆಣ್ಣಿಗೆ ಕೆಂಪೆಂದರೆ ಆಸೆ. ಕೆಂಪು ಉಟ್ಟವರ ಹಿಂದೆ ಮನೆವರೆಗೂ ಬರುತ್ತಾಳೆ, ಬಂದವಳು ಹೋಗುವುದಿಲ್ಲ. ಆ ದಿನ ಮಳೆಗೆ ಬಟ್ಟೆಯೆಲ್ಲ ಒದ್ದೆಯಾಗಿ ಪೆನೀನಾ ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ಹೊರಟಿದ್ದಳು. ಕಪ್ಪುಗಲ್ಲ ಬಯಲಿನ ನಡುವೆ ಬಗ್ಗಿ ನೋಡಿಕೊಂಡರೆ, ಉಟ್ಟದ್ದು ಕೆಂಪು. ಅದೇ ಹೊತ್ತಿಗೆ ಗುಹೆಯ ಕಡೆಯಿಂದ ಯಾರೋ ಉಸಿರು ಬಿಟ್ಟಂತಾಯಿತು. ಅವಳು ಓಡಿದಳು. ಕಾಲು ಕೊಯ್ದುಕೊಂಡದ್ದೂ ತಿಳಿಯಲಿಲ್ಲ.

ಹಡಗು ಕಾಯುತ್ತಿತ್ತು. ಬರಿಗೈಯಲ್ಲಿ ಹೋದರೆ ದೊಡ್ಡಮ್ಮ ಯಾಕೆಂದು ಕೇಳುತ್ತಾಳೆ. ಪೆನೀನಾ ಚರ್ಚಿನ ಹಿಂದಿನ ಮರಗಳಿಂದ ಮೂರು ಮೂಟೆ ತುಂಬಿದಳು. ಬಾಯಿ ಕಟ್ಟಿ ಹೊಲಿದು ಸೀದಾ ಹಡಗಿಗೆ ಹಾಕಿಸಿದಳು. ಯಾರೂ ಬಿಚ್ಚಿ ನೋಡಲಿಲ್ಲ.

*

ಒಂಬತ್ತು ಗಂಟೆಯ ಹಡಗಿಗೆ ರೂತ್ ಬಂದಳು. ಬಿಳಿ ಬಟ್ಟೆ, ಕೈಯಲ್ಲೊಂದು ಹೂವಿನ ಹಾರ. ರಾಜಧಾನಿಯಲ್ಲಿದ್ದ ತನ್ನ ಕೆಲಸದ ಪೆಟ್ಟಿಗೆಗಳನ್ನು ಕಟ್ಟಿಸಲು ಬಂದಿದ್ದವಳಿಗೆ ಸಾವಿನ ಸುದ್ದಿ ಅಲ್ಲೇ ಸಿಕ್ಕಿತ್ತು. ನಾಲ್ಕು ಗಂಟೆಯ ಹಡಗಿಗೆ ಹಿಂತಿರುಗಿ ನಾಳೆ ವಿಮಾನ ಹತ್ತಬೇಕು.

"ಊಟ ಮಾಡಿದ್ರಾ ಡಾಕ್ಟ್ರೇ? ಏನಿದು, ಮೂಳೆ ಎಣಿಸೋ ಹಾಗಾಗಿದ್ದೀರಿ. ನಿಮ್ಮೂರಲ್ಲಿ ಕೆಸು ಬೆಳೆಯಲ್ವಾ?" ಎಂದು ಲೂಪೆ ಅವಳನ್ನು ಕೂರಿಸಿದಳು.

ರೂತ್ ಸತ್ತವಳ ಪಾದದ ಬಳಿ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಪೆನೀನಾಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ನಾಳೆಗೆ ಎಲ್ಲ ಮುಗೀತು ಪೆನೀನಾ. ಆ ಮೂಟೆಗಳಲ್ಲಿ ಏನೂ ಸಿಗಲಿಲ್ಲ. ಮೊದಲ ಸಲ ನಮ್ಮದೇ ಏನೋ ತಪ್ಪಾಗಿತ್ತು ಅಂತ ಪ್ರಯೋಗಶಾಲೆಯ ದೊಡ್ಡವರು ತೀರ್ಮಾನ ಮಾಡಿದ್ರು. ನನಗೆ ಮಾತ್ರ ಮನಸ್ಸು ಒಪ್ಪಲ್ಲ. ಅವಳು ಹೇಳಿದ ಮರದ್ದೇ ತಾನೇ?" ಎಂದಳು.

ಪೆನೀನಾಳ ಕಣ್ಣು ಟೂಲಿಯಾಳ ಮುಖದ ಮೇಲಿತ್ತು. ರೆಪ್ಪೆಗಳ ಸಂದಿಯಲ್ಲಿ ಬೆಳಕಿನ ಒಂದು ಎಳೆ ಕಂಡಿತು.

"ಹೌದು," ಎಂದಳು. "ಅದೇ ಮರ."

ಹೆಣದ ಮುಂದೆ ಹೇಳಿದ ಸುಳ್ಳು. ಹಾರೆಯ ಸದ್ದು ನಿಂತಿತ್ತು. ಗುಂಡಿ ತೋಡಿ ಆಗಿತ್ತು.

*

ಐದು ತಿಂಗಳ ಹಿಂದೆ, ಆ ಮೂಟೆಗಳಲ್ಲಿ ಏನೂ ಇಲ್ಲವೆಂಬ ಕಾಗದ ಬಂದಾಗ ಓದಿ ಹೇಳಿದವಳೂ ಪೆನೀನಾಳೇ. ಟೂಲಿಯಾ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು, ಓದಲು ಬಾರದಿದ್ದರೂ, ತಿರುಗಿಸಿ ಮುರುಗಿಸಿ ನೋಡಿದಳು.

"ಮದ್ದು ಹೊರಟುಹೋಯ್ತು," ಎಂದಳು. "ಆ ತೊಟ್ಟಿ ಇಸ್ಕೊಂಡೆನಲ್ಲ, ಅವತ್ತೇ ಹೋಯ್ತು."

"ಹಾಗೇನಿಲ್ಲ ದೊಡ್ಡಮ್ಮ."

"ನಿಂಗೇನು ಗೊತ್ತು! ಬೆಲೆ ಬಂತಲ್ಲೇ ಅದಕ್ಕೆ!"

ಆಗಲೇ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡಳು ಪೆನೀನಾ. ಮರುದಿನ ಟೂಲಿಯಾ ಜಜ್ಜುವ ಕಲ್ಲನ್ನು ತೆಗೆದು ಹಂದಿಗಳ ಗೂಡಿನ ಬಳಿ ಇಟ್ಟಳು. ಕಾಮಾಲೆಯವರನ್ನು ಆಸ್ಪತ್ರೆಗೆ ಹೋಗಿ ಎಂದು ಹಿಂದಕ್ಕೆ ಕಳಿಸಿದಳು. ತೊಟ್ಟಿಯ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಲಿಲ್ಲ. ಕೋಲೂರಿಕೊಂಡು ಬಂಡೆಗಳ ಸಂದಿಯ ಊಟೆಗೆ ಹೋದಳು. ದಿನ ಕಳೆದಂತೆ ಹೇಳಬೇಕಾದ ಮಾತು ಭಾರವಾಗುತ್ತ ಹೋಯಿತು. ದೊಡ್ಡಮ್ಮ ಬಿದ್ದು ಸೊಂಟ ಮುರಿದು ಹನ್ನೊಂದು ದಿನ ಮಲಗಿದ್ದಾಗ ಪೆನೀನಾ ಪ್ರತಿ ದಿನ ಬಾಯಿ ತೆರೆದಳು. ಪ್ರತಿ ದಿನ ಕೇಳಿದ್ದು, "ದೊಡ್ಡಮ್ಮ, ನೀರು ಕುಡೀತೀಯಾ?" ಎಂದಷ್ಟೇ.

*

ಟೂಲಿಯಾಳನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದಾಯಿತು, ಪಾದ್ರಿಯ ಪ್ರಾರ್ಥನೆಯೂ ಮುಗಿಯಿತು. ಒಂದೊಂದು ಮನೆತನದ ಹೆಂಗಸರೂ ತಮ್ಮ ನವುರಾದ ಚಾಪೆಯನ್ನು ಬಿಚ್ಚಿ, ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಅಂಗಳ ದಾಟಿ ಬಂದು ಸತ್ತವಳಿಗೆ ಗೌರವವೆಂದು ಅರ್ಪಿಸಿದರು. ಕೊನೆಗೆ ಪೆನೀನಾಳ ಸರದಿ. ಎರಡು ವರ್ಷ ಕೂತು ಹೆಣೆದ ಚಾಪೆ ಅದು, ರೇಷ್ಮೆಯಂತೆ ಮೆತ್ತಗಿತ್ತು. ಮೊದಲ ಸಾಲನ್ನು ಟೂಲಿಯಾಳೇ ಹಾಕಿಕೊಟ್ಟಿದ್ದಳು.

ಮನೆಯೊಳಗೆ ಸೇಫೊ ಮಾತಾಡಲು ಎದ್ದು ನಿಂತದ್ದು ಕಂಡಿತು.

ಪೆನೀನಾಳ ಕಾಲು ಅಂಗಳದ ನಡುವೆ ನಿಂತುಬಿಟ್ಟಿತು. ಮುಂದೆ ಹೋದರೆ ಶವ, ಹಿಂದೆ ಗುಂಡಿ. ಕೂತಳು. ಚಾಪೆಯನ್ನು ತಲೆಯ ಮೇಲಿಂದ ಎಳೆದುಕೊಂಡು ನೆಲಕ್ಕೆ ಬಾಗಿದಳು.

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಕೊಲೆಯಾದಾಗ, ಹೆಣ್ಣಿನ ಮಾನ ಹೋದಾಗ, ತಪ್ಪು ಮಾಡಿದ ಮನೆಯ ಹಿರಿಯರು ಹೀಗೆ ನೊಂದವರ ಬಾಗಿಲಲ್ಲಿ ಚಾಪೆ ಹೊದ್ದು ಕೂರುತ್ತಾರೆ. ನೊಂದವರು ಹೊರಗೆ ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ, ಹಿಂದಿನ ಕಾಲದಲ್ಲಾದರೆ, ಕತ್ತಿ. ತನ್ನದೇ ಮನೆಯ ಬಾಗಿಲಲ್ಲಿ ಒಬ್ಬಳು ಹೀಗೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಇವಳಿಗೇನು ಬಂತು?" ಎಂದು ಲೂಪೆ ಉಸುರಿದ್ದು ಕೇಳಿಸಿತು.

"ದೊಡ್ಡಮ್ಮಾ," ಎಂದಳು ಪೆನೀನಾ ಚಾಪೆಯ ಕೆಳಗಿನಿಂದ. ದನಿ ತನ್ನದಲ್ಲ ಎನಿಸಿತು. "ನಿನ್ನ ಮದ್ದು ಸುಳ್ಳಲ್ಲ. ನಾನು ಗುಹೆ ಹತ್ರ ಹೋಗ್ಲೇ ಇಲ್ಲ. ಕೆಂಪು ಉಟ್ಟಿದ್ದೆ, ಹೆದರಿ ಓಡಿ ಬಂದೆ. ಮೂರು ಮೂಟೇನೂ ಚರ್ಚಿನ ಹಿಂದಿಂದು. ಡಾಕ್ಟ್ರಿಗೆ ಇವತ್ತೂ ಸುಳ್ಳು ಹೇಳಿದೆ. ನೀನು ಊಟೆಗೆ ಹೋಗಿ ಬಿದ್ದದ್ದೂ ನನ್ನಿಂದ್ಲೇ."

ಹೆಣಿಗೆಯ ಸಂದಿಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಅವಳ ಕೈ ಮೇಲೆ ಬಿದ್ದಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಕರ್ತನೇ, ಯಾರಾದರೂ ಮಾತಾಡಲಿ ಎಂದು ಬೇಡಿಕೊಂಡಳು. ಯಾರೂ ಮಾತಾಡದಿರಲಿ ಎಂದೂ ಬೇಡಿಕೊಂಡಳು.

ಪಕ್ಕದಲ್ಲಿ ಯಾರೋ ಮೊಣಕಾಲೂರಿದರು. ಚಾಪೆಯ ಅಂಚಿನಡಿ ಬಿಳಿ ಬಟ್ಟೆ ಕಂಡಿತು.

"ನನ್ನದೂ ಇದೆ," ಎಂದಳು ರೂತ್, ಎಲ್ಲರಿಗೂ ಕೇಳುವಂತೆ. "ಮರ ನೋಡದೆ, ಒಂದು ಎಲೆ ಕೂಡ ಕೇಳದೆ ಮೂಟೆ ಹತ್ತಿಸಿಕೊಂಡವಳು ನಾನು. ಹಡಗು ತಪ್ಪುತ್ತೆ ಅಂತ ಅವಸರ ಮಾಡಿದೆ."

ಸೇಫೊನ ಉಸಿರು ಹತ್ತಿರವಾಯಿತು. "ನೀನು ತಪ್ಪು ಮಾಡಿದ್ದು ನನಗಲ್ಲ," ಎಂದ. "ಚಾಪೆ ಎತ್ತಬೇಕಾದವನು ನಾನಲ್ಲ." ಮನೆಯ ಕಡೆ ತಿರುಗಿ, "ಅವಳನ್ನ ಹೊರಗೆ ತನ್ನಿ," ಎಂದ.

ಭಾರ ಹೊತ್ತವರ ಹೆಜ್ಜೆಗಳು ಬಂದವು. ಮರದ ಪೆಟ್ಟಿಗೆ ಅವಳ ಎದುರಿಗೇ ಜಲ್ಲಿಕಲ್ಲಿನ ಮೇಲೆ ಕೂತ ಸದ್ದಾಯಿತು. ಪೆನೀನಾ ಕಣ್ಣು ಮುಚ್ಚಿದಳು. ಈಗ ಆ ತಣ್ಣನೆಯ ಕೈ ತನ್ನ ಕತ್ತು ಹಿಡಿಯುತ್ತದೆ ಎಂದೇ ತಿಳಿದಳು. ಏನೋ ಚಾಪೆಯ ಅಂಚಿಗೆ ಸಿಕ್ಕಿಕೊಂಡಿತು. ಚಾಪೆ ಮೆಲ್ಲಗೆ ಜಾರಿತು. ಕಣ್ಣು ತೆರೆದಾಗ ಎದುರಿಗೆ ಟೂಲಿಯಾಳ ಊರುಗೋಲಿನ ತುದಿ ಇತ್ತು. ಅದರ ಹಿಡಿ ಪೆಟ್ಟಿಗೆಯೊಳಗೆ, ಆ ಕಪ್ಪು ಬೆರಳುಗಳಲ್ಲಿ. ಅವುಗಳ ಮೇಲೆ ಸೇಫೊನ ಕೈ.

"ಎತ್ತಿದ್ಲು," ಎಂದ ಮುದುಕ. ಅವನ ಗಲ್ಲ ಒದ್ದೆಯಾಗಿತ್ತು.

ಆ ಚಾಪೆಯನ್ನೇ ಹೊದಿಸಿ ಟೂಲಿಯಾಳನ್ನು ಮಣ್ಣು ಮಾಡಿದರು.

*

ಎರಡು ಗಂಟೆಗೆ ಪೆನೀನಾ ಊರುಗೋಲು ಹಿಡಿದು ರೂತ್‌ಳನ್ನು ಕರೆದುಕೊಂಡು ಹೊರಟಳು. ಹಿಂದಿನಿಂದ ಲೂಪೆ ಓಡಿ ಬಂದಳು.

"ಡಾಕ್ಟ್ರ ಕಿವಿ ನೋಡೇ! ಓಲೆ ಕೆಂಪು! ಬಿಚ್ಚಿಸು, ಬಿಚ್ಚಿಸು!"

ರೂತ್ ಓಲೆ ಬಿಚ್ಚಿ ಲೂಪೆಯ ಅಂಗೈಯಲ್ಲಿಟ್ಟಳು.

ಕಪ್ಪುಗಲ್ಲ ಬಯಲು ದಾಟುವಾಗ ಪೆನೀನಾ ಕೀರ್ತನೆಯ ಒಂದೇ ಸಾಲನ್ನು ಗುನುಗುತ್ತಿದ್ದಳು, ಮುಂದಿನದು ನೆನಪಿಗೆ ಬರಲಿಲ್ಲ. ಗುಹೆಯ ಬಾಯಿಂದ ತಣ್ಣನೆಯ ಗಾಳಿ ಬಂತು, ಅದೇ ಉಸಿರು. ಈ ಸಲ ಅವಳು ಓಡಲಿಲ್ಲ. ಕೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

ಮರ ಅಲ್ಲಿತ್ತು. ತೊಟ್ಟುಗಳು ಕೆಂಪಗಿದ್ದವು.

ಕಾಂಡದ ಪೂರ್ವದ ಬದಿಯಲ್ಲಿ ಮಾತ್ರ ಟೂಲಿಯಾ ತೊಗಟೆ ತೆಗೆದ ಗುರುತುಗಳಿದ್ದವು. ಎಲ್ಲಕ್ಕಿಂತ ಹಳೆಯದು ತಲೆಗಿಂತ ಮೇಲೆ, ಎತ್ತರದ ಹೆಂಗಸೊಬ್ಬಳು ಕೈ ಚಾಚಿ ತೆಗೆದದ್ದು. ಮಾಗಿ ತೆಳ್ಳನೆಯ ಗೆರೆಯಾಗಿತ್ತು. ಅದರ ಕೆಳಗೆ ಭುಜದ ಮಟ್ಟದಲ್ಲಿ ಹಲವು. ಆಮೇಲೆ ಎದೆಯ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ. ಕೊನೆಯದು ಕೂತು ತೆಗೆದದ್ದು, ಮೊಣಕಾಲಿಗಿಂತ ಕೆಳಗೆ. ಅಂಚಿನ್ನೂ ಪೂರ್ತಿ ಕೂಡಿರಲಿಲ್ಲ.

"ಎಲ್ಲಿ ಕತ್ತರಿಸಲಿ?" ಎಂದು ರೂತ್ ಮೆಲ್ಲಗೆ ಕೇಳಿದಳು.

ಪೆನೀನಾ ಬೇರುಗಳ ನಡುವೆ ಕೂತಳು. ಆ ಕೊನೆಯ ಗುರುತಿಗೂ ನೆಲಕ್ಕೂ ನಡುವೆ, ಯಾರೂ ಮುಟ್ಟದ ತೊಗಟೆ, ಒಂದು ಅಂಗೈಯಷ್ಟು ಮಾತ್ರ ಉಳಿದಿತ್ತು. ಅವಳು ಅದರ ಮೇಲೆ ತನ್ನ ಅಂಗೈ ಇಟ್ಟು, "ಇಲ್ಲಿ," ಎಂದಳು.