ಗಾಜಿನ ತೊಟ್ಟಿಯ ನೀರು

ನಜೀಮಾ ಹಂಡೆಯನ್ನು ಓರೆ ಮಾಡಿದಳು. ಬಚ್ಚಲಿನ ನೀರು ಹಿತ್ತಲಿಗೆ ಹರಿದು ಮುಗಿಯುವ ಮೊದಲೇ ಇನ್ನೊಂದು ಕೊಡ ಅವಳ ಕೈಯಲ್ಲಿತ್ತು. ಬೆಳಗಿನ ಜಾವ ನಿದ್ದೆಯಲ್ಲೇ ತೀರಿಹೋದ ಅವಳ ತಮ್ಮ ನೂರ್ ಅಹ್ಮದನ ಜನಾಜಾ ಆಗಷ್ಟೇ ಬೀದಿ ದಾಟಿತ್ತು. ಗಂಡಸರೆಲ್ಲ ಖಬರಸ್ತಾನಕ್ಕೆ ಹೋಗಿದ್ದರು. ಸಾವಾದ ಮನೆಯಲ್ಲಿ ಹಿಡಿದಿಟ್ಟ ನೀರನ್ನು ಉಳಿಸಿಕೊಳ್ಳಬಾರದೆಂಬುದು ಆ ಮನೆಯ ಹೆಂಗಸರು ನಡೆಸಿಕೊಂಡು ಬಂದ ಪದ್ಧತಿ. ಎಪ್ಪತ್ತು ದಾಟಿದ ನಜೀಮಾ ಪದ್ಧತಿಯ ವಿಷಯದಲ್ಲಿ ಯಾರ ಮುಲಾಜಿಗೂ ಬೀಳುವವಳಲ್ಲ.

ಕೊಡ, ಚೆರಿಗೆ, ತಂಬಿಗೆ ಎಲ್ಲ ಬರಿದಾದ ಮೇಲೆ ಅವಳು ಕಿಟಕಿಯ ಹತ್ತಿರ ಬಂದಳು. ಅಲ್ಲಿ ಮೀನಿನ ತೊಟ್ಟಿ ಇತ್ತು.

“ಇದೂ ನೀರೇ,” ಎಂದಳು.

ಗಂಡನನ್ನು ಕಳೆದುಕೊಂಡ ಅಮೀರುನ್ನಿಸಾ ಬೆಳಗಿನಿಂದ ಮೂಲೆ ಹಿಡಿದು ಕೂತಿದ್ದಳು. ಈಗ ಎದ್ದು ಬಂದು ತೊಟ್ಟಿಗೆ ಅಡ್ಡ ನಿಂತಳು.

“ಆಪಾ, ಇದೊಂದು ಬಿಡಿ. ದೊಡ್ಡ ಮೀನಿಗೆ ದಿನ ತುಂಬಿದೆ. ಇವತ್ತೋ ನಾಳೆಯೋ ಮರಿ ಹಾಕ್ತದೆ ಅಂತ ನಿನ್ನೆ ಅವರೇ ಹೇಳಿದ್ರು.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಐದು ವರ್ಷದಿಂದ ಆ ಮೀನುಗಳನ್ನು ಅವಳು ಬೈಯದ ದಿನವಿಲ್ಲ. ಸಾರಿಗಾಗದ ಮೀನನ್ನು ಮುದ್ದು ಮಾಡುವ ಗಂಡಸು ಇಡೀ ಶಿರಸಿಗೆ ಅವನೊಬ್ಬನೇ ಇರಬೇಕು.

*

ನೂರ್ ಅಹ್ಮದ್ ಶಿರಸಿಯಿಂದ ಯಲ್ಲಾಪುರಕ್ಕೆ ಮೋಟಾರು ಓಡಿಸುತ್ತಿದ್ದ. ಸಾವಿರದ ಒಂಬೈನೂರ ಮೂವತ್ತೊಂದನೇ ಇಸವಿಯಲ್ಲಿ ಮಲೇರಿಯಾ ಡಾಕ್ಟರೊಬ್ಬರು ಸೊಳ್ಳೆಮರಿ ತಿನ್ನಲೆಂದು, ಬಾವಿಗೆ ಬಿಡಲು ಅವನ ಕೈಯಲ್ಲಿ ಗಪ್ಪಿ ಮೀನು ಕೊಟ್ಟು ಕಳಿಸಿದರು. ಅದರಲ್ಲಿ ಒಂದು ಜೋಡಿ ಮನೆಗೆ ಬಂತು. ಮೂಲೆಗೆ ಬಿದ್ದ ಮೋಟಾರಿನ ಗಾಜು ಕತ್ತರಿಸಿ, ತಗಡಿನ ಚೌಕಟ್ಟಿಗೆ ಡಾಂಬರು ಮೆತ್ತಿ ಅವನೇ ತೊಟ್ಟಿ ಮಾಡಿದ. ಮೊಟ್ಟೆ ಯಾವಾಗ ಇಡುತ್ತದೆಂದು ತಿಂಗಳು ಕಾದ. ಒಂದು ಬೆಳಿಗ್ಗೆ ಮೊಟ್ಟೆಯ ಬದಲು ಜೀವಂತ ಮರಿಗಳೇ ಹೊರಬಂದವು. ಮೋಟಾರು ಹೊರಡುವ ಹೊತ್ತು ಮೀರಿದರೂ ಅವನು ಗಾಜಿಗೆ ಮೂಗೊತ್ತಿ ಕೂತೇ ಇದ್ದ. ಹುಡುಕಿಕೊಂಡು ಬಂದ ಪ್ರಯಾಣಿಕರೂ ಅವನ ಜೊತೆ ಬಗ್ಗಿ ನಿಂತು ನೋಡಿದರು.

ಆ ಮರಿಗಳನ್ನು ಅವನು ಒಂದು ತಂಬಿಗೆಗೆ ಎತ್ತಿಟ್ಟ. ಹಾವೇರಿಯಿಂದ ಬಂದ ಅಮೀರುನ್ನಿಸಾಳ ತಮ್ಮ ಅಬ್ದುಲ್ ಗಫೂರ್ ಬಾಯಾರಿ, ಅದನ್ನೇ ಎತ್ತಿ ಗಟಗಟ ಕುಡಿದ. ಅಮೀರುನ್ನಿಸಾ ಹಣೆ ಹಣೆ ಚಚ್ಚಿಕೊಂಡಳು.

ನೂರ್ ಅಹ್ಮದ್ ತಂಬಿಗೆಯ ತಳ ನೋಡಿ, “ಎರಡು ಉಳಿದಾವೆ,” ಎಂದ. “ಗಫೂರಾ, ಇನ್ನು ನಿನ್ನ ಹೊಟ್ಟೇಲಿ ಸೊಳ್ಳೆ ಆಗೂದಿಲ್ಲ ಬಿಡು.”

ಅವಳಿಗೂ ನಗು ತಡೆಯಲಾಗಲಿಲ್ಲ. ಮಕ್ಕಳಾಗಲಿಲ್ಲ, ನಿಜ. ಆದರೂ ಆ ಮನುಷ್ಯನ ಜೊತೆ ಮೂವತ್ತೈದು ವರ್ಷ ಸುಖವಾಗಿಯೇ ಕಳೆದಿದ್ದಳು.

*

“ಹೋದವನಿಗೆ ತೊಂದರೆ ಆಗಬಾರದು ಅಂತ ಮಾಡೂದು ಇದು,” ಎಂದಳು ನಜೀಮಾ. “ಅಜ್ಜಿ ಮಾಡಿದ್ಲು, ಅಮ್ಮ ಮಾಡಿದ್ಲು. ನನ್ನ ತಮ್ಮಗೆ ಮಾತ್ರ ನಾನು ಮಾಡದೆ ಬಿಡ್ಲಾ?”

ತೊಟ್ಟಿ ಬರಿದಾದರೆ ಅವನು ಸಾಕಿದ ಜೀವ ಒಂದೂ ಈ ಮನೆಯಲ್ಲಿ ಉಳಿಯುವುದಿಲ್ಲ ಎಂದು ಅಮೀರುನ್ನಿಸಾಳಿಗೆ ಗೊತ್ತಿತ್ತು. ಅವಳು ಜಾಗ ಬಿಟ್ಟು ಕದಲಲಿಲ್ಲ.

ಪಕ್ಕದ ಮನೆಯ ವೆಂಕಮ್ಮ ಇವರಿಗೆ ಹೊಸ ನೀರು ಸೇದಿಕೊಡಲು ಖಾಲಿ ಕೊಡ ಹಿಡಿದು ಬಂದವಳು, ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ನೀರು ಮನೆಯಿಂದ ಹೊರಗೆ ಹೋಗ್ಬೇಕು, ಅಷ್ಟೇ ಅಲ್ದಾ?”

“ಅಷ್ಟೇ,” ಎಂದಳು ನಜೀಮಾ.

“ಹಂಗಾರೆ ನನ್ನ ಕೊಡಕ್ಕೆ ಚೆಲ್ಲಿ. ನಮ್ಮನೆ ಜಗಲಿ ಮೇಲೆ ಇಟ್ಕಂಡಿರ್ತೆ. ನಿಮ್ಮ ನಲವತ್ತು ದಿನದ ಸೂತಕ ಕಳೀಲಿ, ಆಮೇಲೆ ತಗಳಿ.”

ನಜೀಮಾ ಕೊಡವನ್ನು ನೋಡಿದಳು, ತಮ್ಮನ ಹೆಂಡತಿಯನ್ನು ನೋಡಿದಳು. ಆಮೇಲೆ ತಂಬಿಗೆ ತೆಗೆದುಕೊಂಡು ಮೊಗೆಯತೊಡಗಿದಳು. ಕೊನೆಗೆ ಉಳಿದ ಹೊಟ್ಟೆ ಊದಿದ ಮೀನನ್ನು ಅಮೀರುನ್ನಿಸಾ ಎರಡೂ ಕೈ ಬೊಗಸೆ ಮಾಡಿ ಎತ್ತಿದಳು. ಇಷ್ಟು ವರ್ಷದಲ್ಲಿ ಅವಳು ಅವುಗಳನ್ನು ಮುಟ್ಟಿದ್ದು ಇದೇ ಮೊದಲು.

ವೆಂಕಮ್ಮ ಕೊಡ ಎತ್ತಲು ಬಗ್ಗಿದಳು.

“ತಡಿ,” ಎಂದಳು ನಜೀಮಾ. ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಲ್ಲಿದ್ದ ನೀರುಸೊಪ್ಪನ್ನೆಲ್ಲ ಬಾಚಿ ತಂದು ಕೊಡಕ್ಕೆ ಮೆತ್ತಗೆ ಇಳಿಬಿಟ್ಟಳು. “ಮರಿ ಅಡಗಲಿಕ್ಕೆ ಸೊಪ್ಪು ಬೇಕು. ಇಲ್ದಿದ್ರೆ ತಾಯಿನೇ ತಿಂತದೆ. ನಾ ಬಂದಾಗೆಲ್ಲ ತಮ್ಮ ಕೂರಿಸ್ಕೊಂಡು ಇದನ್ನೇ ಹೇಳ್ತಿದ್ದ.”

ಅಮೀರುನ್ನಿಸಾ ಹೊಸ್ತಿಲ ಒಳಗೆ ನಿಂತು ನೋಡಿದಳು. ವೆಂಕಮ್ಮ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅಂಗಳ ದಾಟುತ್ತಿದ್ದಳು. ನಜೀಮಾ ತನ್ನ ಸೆರಗನ್ನು ಕೊಡದ ಬಾಯಿಗೆ ಬಿಗಿಯಾಗಿ ಹಿಡಿದು, ಕಲ್ಲು ಬಂದಲ್ಲಿ “ಮೆಲ್ಲಗೆ, ಮೆಲ್ಲಗೆ” ಎನ್ನುತ್ತ ಅವಳ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು.