ಬೀಗ ಹಾಕಿತ್ತು

ಬಾಗಿಲ ಮುಂದೆ ಐದಾರು ಜನ ನಿಂತಿದ್ದನ್ನು ರಸ್ತೆಯ ಈಚೆ ಬದಿಯಿಂದಲೇ ಕಂಡ ಬೀಗ ರಿಪೇರಿಯವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊರಗೇ ನಿಂತಿದ್ದಾರೆ ಎಂದರೆ ಬಾಗಿಲು ತೆಗೆದಿಲ್ಲ. ಬಾಗಿಲು ತೆಗೆದಿಲ್ಲ ಎಂದರೆ ಇವತ್ತು ಸಭೆ ಇಲ್ಲ. ಇನ್ನೇನು ಬೇಕು?

ಕುಡಿತ ಬಿಡಬೇಕೆನ್ನುವವರು ವಾರಕ್ಕೊಮ್ಮೆ ಸೇರುವ ಜಾಗ ಅದು, ಲೈಬ್ರರಿಯ ಹಿಂಬದಿಯ ಒಂದು ಕೋಣೆ. ಹುಡುಕಿಕೊಟ್ಟವಳು ಹೆಂಡತಿ, ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ವಿಳಾಸವನ್ನು ಫೋನಿನಲ್ಲಿ ಫೋಟೋ ಹಿಡಿದುಕೊಂಡು ಬಂದಿದ್ದಳು. ಹೋದ ವಾರ ಅವನು ಇದೇ ರಸ್ತೆಯವರೆಗೆ ಬಂದು, ತಿರುವಿನಲ್ಲಿದ್ದ ಬಾರಿಗೆ ನುಗ್ಗಿ, ಆಮೇಲೆ ಮನೆಗೆ ಹೋಗಿ "ಬೀಗ ಹಾಕಿತ್ತು ಕಣೇ" ಎಂದಿದ್ದ. ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಊರಿನ ಬೀಗವೆಲ್ಲಾ ತೆಗೆಯೋರಿಗೆ ಬೀಗ ಅಡ್ಡ ಬಂತಾ?" ಎಂದಿದ್ದಳು. ನಕ್ಕಿರಲಿಲ್ಲ. ಇವತ್ತು ಹೊರಡುವಾಗ ದನಿ ಏರಿಸದೆಯೇ ಹೇಳಿದ್ದಳು: "ಇವತ್ತೂ ಹೋಗ್ಲಿಲ್ಲ ಅಂದ್ರೆ ಮಗಳನ್ನ ಕರ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ಬಟ್ಟೆ ತುಂಬಿಟ್ಟಿದೀನಿ." ಕೂಗಾಡಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಈಗ ನಿಜವಾಗಿಯೂ ಬೀಗ ಹಾಕಿತ್ತು. ಸಾಕ್ಷಿಗೆ ಇಷ್ಟು ಜನ ಬೇರೆ. ಒಂದು ಫೋಟೋ ಕಳಿಸಿದರೆ ಮುಗಿಯಿತು ಎಂದು ಫೋನು ಹೊರತೆಗೆದ. ಅಷ್ಟರಲ್ಲಿ ಟೀ ಫ್ಲಾಸ್ಕ್ ಹಿಡಿದಿದ್ದ ಮುದುಕರೊಬ್ಬರ ಕಣ್ಣು ಅವನ ಹೆಗಲ ಚೀಲದ ಮೇಲೆ ಬಿತ್ತು. ಚೀಲದ ಮೇಲೆ ಮೊಳದುದ್ದದ ಬೀಗದ ಕೈಯ ಚಿತ್ರ. ಗಿರಾಕಿಗಳಿಗೆ ದೂರದಿಂದಲೇ ಕಾಣಲಿ ಎಂದು ಅವನೇ ಆಸೆಪಟ್ಟು ಬರೆಸಿದ್ದು.

"ದೇವರು ಕಳಿಸಿದ ಹಾಗೆ ಬಂದ್ರಲ್ಲಪ್ಪ!" ಎಂದು ಮುದುಕರು ಕೂಗಿದರು. "ಕೀ ಮುರಿದು ಒಳಗೇ ಉಳ್ಕೊಂಡಿದೆ. ಸ್ವಲ್ಪ ನೋಡಿ."

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ರಸ್ತೆ ದಾಟಿ ಬಗ್ಗಿ ನೋಡಿದ. ಮುರಿದ ತುಂಡು ಸರಿಯಾದ ಜಾಗದಲ್ಲೇ ಕೂತಿತ್ತು. ತೆಳು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಆನಿಸಿ ಮೆಲ್ಲಗೆ ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ನೀರು ಕುಡಿದಷ್ಟು ಸುಲಭ. ಅವನಿಗೆ ನೀರು ಕುಡಿಯುವುದೇ ಕಷ್ಟವಾಗಿತ್ತು ಎನ್ನುವುದು ಬೇರೆ ಮಾತು.

"ಆಗಲ್ಲ ಸಾರ್. ಗಟ್ಟಿಯಾಗಿ ಕಚ್ಕೊಂಡಿದೆ. ಇಡೀ ಬೀಗಾನೇ ಕೀಳ್ಬೇಕು. ನಾಳೆ ಬಂದು ಮಾಡ್ಕೊಡ್ತೀನಿ."

"ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡ್ರೆ ಹೇಗೆ ಮೇಷ್ಟ್ರೇ?" ಎಂದು ಯಾರೋ ಮುದುಕರನ್ನು ಕೇಳಿದರು.

"ಬೀದೀಲಿ ಕೂತು ಮನಸ್ಸು ಬಿಚ್ಚಿ ಮಾತಾಡೋಕಾಗುತ್ತಾ?" ಎಂದಳು ನರ್ಸ್ ಬಟ್ಟೆಯಲ್ಲಿದ್ದ ಹೆಂಗಸು. ಮೇಷ್ಟ್ರ ಮುಖ ಸಪ್ಪಗಾಯಿತು.

ಗುಂಪಿನ ಕೊನೆಯಲ್ಲಿ ಖಾಕಿ ಅಂಗಿಯ ಡ್ರೈವರೊಬ್ಬ ನಿಂತಿದ್ದ. ಅವನ ಮೊಣಕೈಯನ್ನು ಮುದುಕಿಯೊಬ್ಬಳು ಬಿಗಿಯಾಗಿ ಹಿಡಿದಿದ್ದಳು. "ನೋಡ್ದೆ ಅಲ್ವಾ ಅಮ್ಮ?" ಎಂದ ಡ್ರೈವರ್. "ಬಾಗಿಲೇ ತೆಗೀತಿಲ್ಲ, ನಾನೇನ್ ಮಾಡ್ಲಿ? ನೀನು ಮನೆಗೆ ಹೋಗ್ತಿರು, ನಾನು ಹಿಂದೇನೇ ಬರ್ತೀನಿ." ದನಿಯಲ್ಲಿ ಬೇಕಾದಷ್ಟು ಬೇಸರವಿತ್ತು. ಕಣ್ಣು ಮಾತ್ರ ಆಗಲೇ ತಿರುವಿನ ಬಾರಿನ ಕಡೆ ಹೊರಳಿತ್ತು.

ಮುದುಕಿ ಬೀಗದವನನ್ನು ನೋಡಿದಳು. "ಇನ್ನೊಂದ್ಸಲ ನೋಡಪ್ಪ. ಇವತ್ತು ಇವನನ್ನ ಕರ್ಕೊಂಡು ಬರೋಷ್ಟರಲ್ಲೇ ನಂಗೆ ಸಾಕುಸಾಕಾಗಿದೆ. ಮುಂದಿನ ವಾರ ಬರಲ್ಲ ಇವನು."

ಬೀಗದವನಿಗೆ ನಾಚಿಕೆಯಾಯಿತು. ಡ್ರೈವರ್ ಆಡಿದ ಒಂದೊಂದು ಮಾತೂ ತನ್ನದೇ, ಆಡಿದ ಧಾಟಿಯೂ ತನ್ನದೇ. ಮುಂದೇನು ಎಂಬುದೂ ಗೊತ್ತಿತ್ತು. ಚೀಲ ಕೆಳಗಿಳಿಸಿ, "ಸ್ವಲ್ಪ ಬೆಳಕು ಬಿಡಿ" ಎಂದ.

ಸಭೆಗೆ ಹೋಗಬೇಕಲ್ಲ ಎಂದು ಬೆಳಗಿನಿಂದ ಕುಡಿದಿರಲಿಲ್ಲ. ಸ್ಕ್ರೂಡ್ರೈವರಿನ ತುದಿ ಬೀಗದ ತೂತನ್ನು ಬಿಟ್ಟು ಬೇರೆಲ್ಲ ಕಡೆ ಕುಣಿಯತೊಡಗಿತು. ಗಿರಾಕಿಗಳ ಮನೆಯಲ್ಲಿ ಹೀಗಾದಾಗಲೆಲ್ಲ ಜ್ವರದ ನೆಪ ಹೇಳುತ್ತಿದ್ದ; ಇಲ್ಲಿಯೂ ಅದೇ ನಾಲಿಗೆಯ ತುದಿಗೆ ಬಂತು. ಆದರೆ ಇಲ್ಲಿ ಯಾರೂ ಏನೂ ಕೇಳಲಿಲ್ಲ. ನರ್ಸ್ ಫೋನಿನ ಬೆಳಕು ಬಿಟ್ಟಳು. ಮೇಷ್ಟ್ರು ಫ್ಲಾಸ್ಕ್ ಪಕ್ಕಕ್ಕಿಟ್ಟು, ಮಂಡಿಯೂರಿ, ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದರು.

"ನಿಧಾನ," ಎಂದರು. "ನಂಗೆ ಷರ್ಟಿನ ಗುಂಡಿ ಹಾಕ್ಕೊಳೋಕೂ ಆಗ್ತಿರ್ಲಿಲ್ಲ."

ಟಕ್ ಎಂದಿತು. ಬಾಗಿಲು ತೆರೆಯಿತು. ಮುದುಕಿ ಮಗನನ್ನು ಒಳಗೆ ನೂಕಿ ತಾನು ಮೆಟ್ಟಿಲ ಮೇಲೆ ಕುಸಿದು ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು.

"ಒಂದ್ ಲೋಟ ಟೀ ಕುಡ್ಕೊಂಡು ಹೋಗಿ," ಎಂದರು ಮೇಷ್ಟ್ರು.

"ನಾನು ರಿಪೇರಿಗೆ ಅಂತ ಬಂದೋನಲ್ಲ ಸಾರ್."

ಅವರು ಆಶ್ಚರ್ಯಪಡಲಿಲ್ಲ. ಬಾಗಿಲನ್ನು ಇನ್ನಷ್ಟು ತಳ್ಳಿ ಒಳಗೆ ನಡೆದರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

"ಏನಾಯ್ತು?"

"ಬೀಗ ಹಾಕಿತ್ತು."

ಆ ಕಡೆ ಮಗಳು ಏನೋ ಕೇಳುತ್ತಿದ್ದಳು. ಹೆಂಡತಿ ಅವಳಿಗೆ "ಚಪ್ಪಲಿ ಹಾಕ್ಕೋ" ಎಂದಳು.

"ತೆಗೆದೆ ಕಣೇ," ಎಂದ.

ಅವಳು ನಂಬಬೇಕಲ್ಲ ಎಂದು ಫೋನನ್ನು ಕೋಣೆಯ ಕಡೆ ಹಿಡಿದ. ಒಳಗೆ ಕುರ್ಚಿಗಳನ್ನು ಎಳೆಯುವ ಸದ್ದು, ಯಾರದೋ ಕೆಮ್ಮು, ಲೋಟಗಳ ಸದ್ದು. ಅವಳು ಫೋನು ಇಡಲಿಲ್ಲ. ಹಾಗೇ ಹಿಡಿದುಕೊಂಡು ಹೊಸ್ತಿಲು ದಾಟಿದ. ತಲೆ ಎತ್ತದೆ ಕೂತಿದ್ದ ಡ್ರೈವರ್, ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಅವನತ್ತ ಸರಿಸಿದ.