ಗುಂಡಜ್ಜನ ತಂತಿ ಹರಿದ ಹೊತ್ತು

ಕೊಟ್ಟೂರಿನಲ್ಲಿ ಪೈಪು, ಮೋಟರು ಮಾರುವ ಅಂಗಡಿಗಳಿಗೆ ಬರವಿಲ್ಲ. ಆದರೆ ಅಂಗಡಿಯ ಮಾಳಿಗೆ ಮೇಲೆ ಟಿವಿ ಹಾಕಿಕೊಂಡು, ಅಮೆರಿಕದ ಮುದುಕರು ಗಿಟಾರ್ ಬಾರಿಸುವುದನ್ನು ನೋಡಿ ಟವಲ್ಲಿನಿಂದ ಕಣ್ಣೊರೆಸಿಕೊಳ್ಳುವ ಸಾಹುಕಾರ ಅಲ್ಲಿ ಒಬ್ಬನೇ. ಅವನೇ ಮರುಳಪ್ಪ. ಅರವತ್ತರ ಹತ್ತಿರದ ಮನುಷ್ಯ, ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ಎಚ್‌ಪಿ, ಇಂಚು, ಗ್ಯಾರಂಟಿ ಕಾರ್ಡು. ಇಂಗ್ಲಿಷಿನಲ್ಲಿ ಅವನಿಗೆ ಬರುವುದು ಅಷ್ಟೇ. ಆ ಮುದುಕರ ಹಾಡಿನ ಒಂದಕ್ಷರವೂ ತಿಳಿಯದಿದ್ದ ಮೇಲೆ ಏನು ಕೇಳುತ್ತೀರಿ ಎಂದು ಹೆಂಡತಿ ನಾಗಲಿಂಗಮ್ಮ ಹಂಗಿಸುತ್ತಿದ್ದಳು. ಕೂಸು ಅತ್ತರೆ ಅದು ಯಾವ ಭಾಷೆಯಲ್ಲಿ ಅತ್ತಿತು ಅಂತ ನೀನು ಕೇಳುತ್ತೀಯಾ ಎಂದು ಇವನು ಅವಳ ಬಾಯಿ ಮುಚ್ಚಿಸುತ್ತಿದ್ದ.

ಈ ಹುಚ್ಚು ಹಿಡಿಸಿದವನು ಹೊನ್ನೂರಸ್ವಾಮಿ, ಬೋರ್‌ವೆಲ್ ಲಾರಿಯ ಆಪರೇಟರ್. ಒಮ್ಮೆ ಹೊಸಹಳ್ಳಿ ಕಡೆಯ ಹೊಲವೊಂದರಲ್ಲಿ ಬೋರ್ ಕೊರೆಯುವಾಗ ರಾಡು ಒಳಗೆ ಸಿಕ್ಕಿಕೊಂಡು ಕೆಲಸ ನಿಂತಿತ್ತು. ಪೈಪು ಇಳಿಸಲು ಹೋಗಿದ್ದ ಮರುಳಪ್ಪ ನೆರಳಾದರೂ ಸಿಗಲಿ ಎಂದು ಲಾರಿಯ ಕ್ಯಾಬಿನ್ ಹತ್ತಿದ. ಒಳಗೆ ಹೊನ್ನೂರಸ್ವಾಮಿ ಮೊಬೈಲನ್ನು ಸ್ಟೇರಿಂಗಿಗೆ ಒರಗಿಸಿಕೊಂಡು ಕೂತಿದ್ದ. ಪರದೆಯ ಮೇಲೆ ದಪ್ಪನೆಯ ಕರಿಯ ಮುದುಕನೊಬ್ಬ ಗಿಟಾರಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಜಗ್ಗಿ, ಅದು ಅಳುವವರೆಗೂ ಬಿಡದೆ ನಿಂತಿದ್ದ.

"ಯಾರಲೇ ಇಂವ?"

"ಹೆಸರು ಓದಾಕ ಬರಂಗಿಲ್ರಿ. ನಮ್ಮ ತಮಿಳು ಡ್ರೈವರ್ ತೋರಿಸಿದ್ದ. ಇದಕ್ಕ ಬ್ಲೂಸ್ ಅಂತಾರಂತ, ನೊಂದವರ ಹಾಡಂತ."

ಓದಲು ಬಾರದ ಹೆಸರಿಗೆ ಬದಲು ಇವರೇ ಒಂದು ಇಟ್ಟರು: ಗುಂಡಜ್ಜ. ಆಮೇಲೆ ಒಬ್ಬೊಬ್ಬರಿಗೂ ನಾಮಕರಣವಾಯಿತು. ಕೂದಲು ಕೆದರಿಕೊಂಡು ಸ್ಟೇಜಿನ ತುಂಬ ಕುಣಿಯುವ ರಾಕ್‌ನವನು ಜಡೆಯಪ್ಪ. ಕಣ್ಣು ಮುಚ್ಚಿಕೊಂಡೇ ಬಾರಿಸುವ ಬಿಳಿಯ ನಿದ್ದೆಗಣ್ಣ. ಪ್ರತಿ ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆ ಇರುವಾಗ, ಗೆಳೆಯರಿಬ್ಬರೂ ಮಾಳಿಗೆ ಮೇಲೆ ಕೂತು ಒಂದೊಂದು ಹಳೆಯ ಕಾರ್ಯಕ್ರಮ ನೋಡುವುದು ರೂಢಿಯಾಯಿತು. ನಾಗಲಿಂಗಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿ ಕಳಿಸುತ್ತಿದ್ದಳು. ಬಯ್ಯುತ್ತಲೇ ಮಾಡುತ್ತಿದ್ದಳು ಅನ್ನಿ.

ಇದಕ್ಕೊಂದು ಕಟ್ಟಳೆ ಇತ್ತು: ಹೊಸದನ್ನು ಯಾರೂ ಒಬ್ಬರೇ ನೋಡುವಂತಿಲ್ಲ. ಕಟ್ಟಳೆ ಹಾಕಿದವನು ಮರುಳಪ್ಪನೇ. ಒಂದು ಸಲ ಹೊನ್ನೂರಸ್ವಾಮಿ ಜಡೆಯಪ್ಪನ ಕಾರ್ಯಕ್ರಮವೊಂದನ್ನು ಮೊದಲೇ ನೋಡಿಕೊಂಡು ಬಂದು, "ಈಗ ನೋಡಣ್ಣ, ಈಗ ಜಿಗೀತಾನ ನೋಡು" ಎಂದು ಪಕ್ಕದಲ್ಲಿ ಕೂತು ಪ್ರಾಣ ತಿಂದಿದ್ದ. ಮರುಳಪ್ಪ ಟಿವಿ ಆರಿಸಿ, "ಎಂಜಲು ತಾಟಿನಾಗ ನನಗ ಉಣ್ಣಾಕ ನೀಡ್ತೀ ಏನಲೇ?" ಎಂದು ಸಿಟ್ಟಾಗಿ, ಮುಂದಿನ ಭಾನುವಾರ ಬಾಗಿಲನ್ನೇ ತೆಗೆದಿರಲಿಲ್ಲ. ಹೊನ್ನೂರಸ್ವಾಮಿ ಅಂಗಡಿಗೆ ಬಂದು ತಪ್ಪಾಯಿತೆಂದು ಒಪ್ಪಿಕೊಂಡ ಮೇಲೆಯೇ ರಾಜಿಯಾದದ್ದು. ಆವತ್ತಿನಿಂದ ಅವನು ಮಾತು ತಪ್ಪಿದವನಲ್ಲ.

ಇಲ್ಲಿಯವರೆಗೆ ಗುಂಡಜ್ಜನದು ಸಿಕ್ಕಿದ್ದೆಲ್ಲ ತುಣುಕು. ಈ ವರ್ಷ ಯಾರೋ ಪುಣ್ಯಾತ್ಮ ಅವನ ಹಳೆಯ ಕಾರ್ಯಕ್ರಮವೊಂದನ್ನು ಮೊದಲಿನಿಂದ ಕಡೆಯವರೆಗೆ ಯೂಟ್ಯೂಬಿಗೆ ಹಾಕಿದ. ಹುಡುಕಿ ತೆಗೆದವನು ಹೊನ್ನೂರಸ್ವಾಮಿ. ಆದರೆ ಅದೇ ಹೊತ್ತಿಗೆ ಅವನ ಕಿವಿ ಕೈಕೊಡತೊಡಗಿತ್ತು. ಪ್ರಾಯವೆಲ್ಲ ಬೋರಿನ ಕಂಪ್ರೆಸರ್ ಪಕ್ಕದಲ್ಲೇ ಕಳೆದವನು, ಕಿವಿಗೆ ಹತ್ತಿ ಇಟ್ಟುಕೋ ಎಂದರೆ ನಗುತ್ತಿದ್ದವನು. ಈಗ ಎದುರಿಗೆ ನಿಂತು ಕೂಗಿದರೂ "ಹ್ಞಾ?" ಎನ್ನುತ್ತಿದ್ದ.

"ದಾವಣಗೆರೆಗೆ ಹೊಂಟೀನಿ, ಮರುಳಣ್ಣ. ಡಾಕ್ಟ್ರು ಏನಂತಾರೋ ಏನೋ," ಎಂದ ಒಂದು ದಿನ. "ಗುಂಡಜ್ಜನ ಪ್ರೋಗ್ರಾಮ್ ಹಂಗ ಇರಲಿ. ಕಿವಿ ಪೂರಾ ಹೋಗಾಕ ಮೊದ್ಲು ಅದೊಂದು ನಿನ್ನ ಜೋಡಿ ಕುಂತು ಕೇಳಿಬಿಡ್ತೀನಿ. ಆಮ್ಯಾಲ ಹೋದ್ರ ಹೋಗಲಿ."

"ಮುಟ್ಟಂಗಿಲ್ಲ ಹೋಗಿ ಬಾರಲೇ," ಎಂದ ಮರುಳಪ್ಪ.

ಮನುಷ್ಯನ ಮನಸ್ಸಿಗೆ ಕೆಟ್ಟ ಬುದ್ಧಿ ಬರುವಾಗ ಅದು ವಕೀಲನ ಕೋಟು ಹಾಕಿಕೊಂಡೇ ಬರುತ್ತದೆ. ಹೊನ್ನೂರಸ್ವಾಮಿ ದಾವಣಗೆರೆಯಲ್ಲಿದ್ದ ಆ ವಾರ ಒಂದು ಮಧ್ಯಾಹ್ನ ಕರೆಂಟಿತ್ತು, ಗಿರಾಕಿ ಇರಲಿಲ್ಲ. ಗುಂಡಜ್ಜ ಸ್ಟೇಜಿಗೆ ನಡೆದು ಬರುವುದನ್ನಷ್ಟೇ ನೋಡೋಣ, ಬರುವುದನ್ನು ನೋಡಿದರೆ ಕೇಳಿದಂತೆ ಆಗುವುದಿಲ್ಲವಲ್ಲ ಎಂದುಕೊಂಡು ಮರುಳಪ್ಪ ಮಾಳಿಗೆ ಹತ್ತಿದ. ಗುಂಡಜ್ಜ ಬಂದ. ಕುರ್ಚಿಯಲ್ಲಿ ಕೂತ. ಗಿಟಾರಿನ ಕಿವಿ ತಿರುವಿ ಶ್ರುತಿ ಮಾಡಿದ. ಇನ್ನು ಒಂದು ಹಾಡು, ಒಂದೇ ಎಂದುಕೊಂಡ ಮರುಳಪ್ಪ. ಎಡೆ ಹಿಡಿಯುವ ಮೊದಲೇ ಹೋಳಿಗೆಯ ಅಂಚು ಮುರಿದವನು ಅಂಚಿಗೇ ನಿಂತಾನೆಯೇ?

ಕಾರ್ಯಕ್ರಮ ಮುಕ್ಕಾಲು ಮುಗಿದಾಗ ನಡುಹಾಡಿನಲ್ಲಿ ಗುಂಡಜ್ಜನ ಗಿಟಾರಿನ ಒಂದು ತಂತಿ ಹರಿಯಿತು. ಸಭೆ ತಣ್ಣಗಾಯಿತು. ಮುದುಕ ಜೋತಾಡುವ ತಂತಿಯನ್ನು ನೋಡಿ ನಕ್ಕು, ಉಳಿದ ತಂತಿಗಳಲ್ಲೇ ಹಾಡು ಮುಂದುವರಿಸಿದ. ಹರಿದ ತಂತಿಯ ಸ್ವರ ಬರಬೇಕಾದ ಜಾಗ ಬಂದಾಗಲೆಲ್ಲ ಕೈ ಎತ್ತಿ ಸುಮ್ಮನೆ ನಿಲ್ಲುತ್ತಿದ್ದ. ಒಂದು ಸಲ ನಿಂತ, ಇನ್ನೊಂದು ಸಲ ನಿಂತ. ಆಮೇಲೆ ಕತ್ತಲಲ್ಲಿ ಕೂತಿದ್ದ ಜನರೇ ಆ ಸ್ವರವನ್ನು ಗುನುಗಿ ಅವನ ಕೈಗೆ ಕೊಡತೊಡಗಿದರು. ಮರುಳಪ್ಪನಿಗೆ ತಡೆಯಲಾಗಲಿಲ್ಲ. ಸತ್ತ ತಾಯಿ ನೆನಪಾದಳು, ಯಾಕೆಂದು ಕೇಳಬೇಡಿ. ಟವಲ್ಲು ಬಾಯಿಗೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಚಹಾ ತಂದ ನಾಗಲಿಂಗಮ್ಮ ಬಾಗಿಲಲ್ಲೇ ನಿಂತಳು. ಪರದೆ ನೋಡಿದಳು, ಗಂಡನನ್ನು ನೋಡಿದಳು.

"ಇದು ಆ ಹೊನ್ನೂರಸ್ವಾಮಿ ಇಡಾಕ ಹೇಳಿದ್ದಲ್ಲೇನ್ರಿ?"

"ಶುರೂದಷ್ಟು ನೋಡಿದೆ."

"ಶುರು ನೋಡಿದೋರು ಹಿಂಗ ಅಳ್ತಾರೇನು? ಕಿವಿ ಹೋಗೋ ಮನಷ್ಯಾನ ತಾಟಿಗೆ ಕೈ ಹಾಕೀರಲ್ಲ. ಬಂದ ಕೂಡ್ಲೆ ಹೇಳಿಬಿಡ್ರಿ. ಬಚ್ಚಿಟ್ರ ನಿಮಗ ನಿದ್ದಿ ಬರಂಗಿಲ್ಲ, ನನಗೂ ಬರಗೊಡಂಗಿಲ್ಲ."

ಹೇಳಬಹುದಿತ್ತು. ಮರುದಿನವೇ ಹೊನ್ನೂರಸ್ವಾಮಿಯ ಹೆಂಡತಿ ದ್ಯಾಮಕ್ಕ ದಾವಣಗೆರೆಯಿಂದ ಫೋನು ಮಾಡಿದಳು. "ಇವ್ರಿಗೆ ಫೋನಿನಾಗ ಕೇಳಸಂಗಿಲ್ರಿ ಅಣ್ಣಾರ, ಅದಕ್ಕ ನನ್ನ ಕಡೆ ಕೇಳಸಾಕ ಹತ್ಯಾರ. ಅದೇನೋ ಗುಂಡಜ್ಜಂದು ನೋಡಿಲ್ಲ ಹೌದಿಲ್ಲ ಅಂತ."

"ಇಲ್ಲಮ್ಮ. ಅಂವ ಬರೋತನಕ ಹೆಂಗ ನೋಡ್ಲಿ?" ಎಂದಿತು ಮರುಳಪ್ಪನ ನಾಲಿಗೆ. ಅವನನ್ನು ಒಂದು ಮಾತೂ ಕೇಳದೆ ಎಂದಿತು. ಆ ಕಡೆ ದ್ಯಾಮಕ್ಕ ಗಂಡನಿಗೆ ಗಟ್ಟಿಯಾಗಿ, "ನೋಡಿಲ್ಲಂತ!" ಎಂದು ಕೂಗಿದ್ದು, ಅವನು ಸಣ್ಣಗೆ ನಕ್ಕದ್ದು ಎರಡೂ ಕೇಳಿಸಿದವು. ಫೋನು ಇಟ್ಟ ಮೇಲೂ ಆ ನಗು ಹೋಗಲಿಲ್ಲ. ಅಂಗಡಿಯಲ್ಲಿ ಯಾರೋ ಗಿರಾಕಿ, "ಏನ್ರಿ ಸಾವ್ಕಾರ್ರೆ, ಒಬ್ರೆ ಎಲ್ಲಾ ನೋಡ್ಕಂತೀರಿ?" ಎಂದು ವ್ಯಾಪಾರದ ಮಾತಾಡಿದರೂ ಮರುಳಪ್ಪ ಬೆವರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ.

ಅಷ್ಟಕ್ಕೇ ಬಿಟ್ಟಿದ್ದರೂ ಪಾಪ ಅರ್ಧವಾಗುತ್ತಿತ್ತು. ಆದರೆ ಅವನು ವ್ಯಾಪಾರಸ್ಥ, ಮುಂದಾಲೋಚನೆಯವನು. ಸಿಕ್ಕಿಬೀಳಬಾರದು, ಗೆಳೆಯನ ಮನಸ್ಸು ನೋಯಬಾರದು ಎಂದು ಕಾರ್ಯಕ್ರಮವನ್ನು ಮತ್ತೆ ಹಾಕಿಕೊಂಡು ನೋಡಿದ. ಎಲ್ಲಿ ತಲೆದೂಗಬೇಕು, ಎಲ್ಲಿ "ಆಹಾ" ಅನ್ನಬೇಕು, ಎಲ್ಲಿ ಬೆರಗಾಗಬೇಕು ಎಂದು ಗುರುತು ಮಾಡಿಕೊಂಡ. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಪಾತ್ರ ಸಿಕ್ಕ ಹುಡುಗನಂತೆ ಗೋಡೆಯ ಕನ್ನಡಿ ಮುಂದೆ ಒಮ್ಮೆ ಹುಬ್ಬು ಏರಿಸಿಯೂ ನೋಡಿದ. ಕನ್ನಡಿಯೊಳಗಿನವನ ಮೇಲೆ ಅವನಿಗೇ ಅಸಹ್ಯವಾಯಿತು. ಅಸಹ್ಯವಾದರೂ ಅಭ್ಯಾಸ ಬಿಡಲಿಲ್ಲ.

ಭಾನುವಾರ ಹೊನ್ನೂರಸ್ವಾಮಿ ಬಂದ. ಬಲಗಿವಿಯ ಹಿಂದೆ ಕಡಲೆಕಾಳಿನ ಬಣ್ಣದ ಮಷಿನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮದುವೆಗೆ ಹೊರಟವನಂತೆ ಬಂದಿದ್ದ.

"ಹೆಂಗೈತಲೇ ಕಿವಿ?" ಮರುಳಪ್ಪ ಅವನ ಎದುರು ನಿಂತು ಕೇಳಿದ.

"ಛಲೋ ಐತಿ. ಹಾಕು ಹಾಕು, ತಡಾ ಮಾಡಬ್ಯಾಡ."

ಹೇಳುವುದಾದರೆ ಅದೇ ಗಳಿಗೆ. ಬಾಯವರೆಗೆ ಬಂದಿತ್ತು. ಆ ಇಸ್ತ್ರಿ ಅಂಗಿ ನೋಡಿ ಮರುಳಪ್ಪ ಟಿವಿಯ ಕಡೆ ತಿರುಗಿದ. ಇಂಥ ದಿನ ಯಾಕೆ ಕೆಡಿಸಲಿ ಎಂದು ತನಗೆ ತಾನೇ ಹೇಳಿಕೊಂಡು, ಟಿವಿಯ ಸದ್ದು ತುದಿಗೆ ಏರಿಸಿದ. ಮಂಡಕ್ಕಿಯ ತಾಟು ಟೀಪಾಯಿಯ ಮೇಲೆ ನಡುಗಿತು. ಹೊನ್ನೂರಸ್ವಾಮಿ ಕುರ್ಚಿಯನ್ನು ಅರ್ಧ ಟಿವಿಯ ಕಡೆಗೆ, ಅರ್ಧ ಗೆಳೆಯನ ಕಡೆಗೆ ತಿರುಗಿಸಿಕೊಂಡು ಕೂತ.

ಗುಂಡಜ್ಜ ಬಂದ. ಮರುಳಪ್ಪ ಅಭ್ಯಾಸ ಮಾಡಿದಂತೆ "ಬಂದ್ನಪ್ಪ ಮಹಾರಾಯ!" ಎಂದ. ತಲೆದೂಗುವಲ್ಲಿ ತಲೆದೂಗಿದ, ಬೆರಗಾಗುವಲ್ಲಿ ಬೆರಗಾದ. ಎಲ್ಲವೂ ಜಾಗ ಜಾಗಕ್ಕೆ ಸರಿಯಾಗಿಯೇ ಬಂತು. ಆದರೆ ಮೊದಲ ದಿನ ಮೈ ನಡುಗಿಸಿದ ಸ್ವರಗಳು ಇವತ್ತು ಅವನಿಗೆ ತಾಕಲೇ ಇಲ್ಲ. ಮುಂದಿನ ಗುರುತು ಎಲ್ಲಿ ಎಂದು ಕಾಯುವವನಿಗೆ ಹಾಡು ಎಲ್ಲಿಂದ ಕೇಳಿಸಬೇಕು? ಹೊನ್ನೂರಸ್ವಾಮಿ ಮಾತ್ರ, ಒಳ್ಳೆಯ ಜಾಗ ಬಂದಾಗ ತೊಡೆ ಬಡಿಯುತ್ತಿದ್ದವನು ಕೈಕಟ್ಟಿ ಕೂತಿದ್ದ.

ಆ ಹಾಡು ಶುರುವಾಯಿತು. ತಂತಿ ಹರಿಯುವುದು ಹತ್ತಿರ ಬಂದಂತೆ ಮರುಳಪ್ಪ ಎಲ್ಲ ಅಭ್ಯಾಸವನ್ನೂ ಮರೆತ. ಗುಂಡಜ್ಜನ ಬೆರಳು ಇನ್ನೂ ತಂತಿಯನ್ನು ಜಗ್ಗುತ್ತಿರುವಾಗಲೇ ಇವನ ಕೈ ಬಾಯಿಗೆ ಹೋಯಿತು. "ಅಯ್ಯೋ" ಎಂದ. ಆಮೇಲೆ ತಂತಿ ಹರಿಯಿತು.

ಹೊನ್ನೂರಸ್ವಾಮಿ ರಿಮೋಟು ತೆಗೆದುಕೊಂಡು ನಿಲ್ಲಿಸಿದ.

"ಮೊದ್ಲ ನೋಡೀದಿ ನೀನು."

"ಇಲ್ಲಲೇ, ಅದು..." ಮರುಳಪ್ಪ ಬಾಯಿಂದ ಕೈ ತೆಗೆದ. "ಹೌದು. ನೋಡೀನಿ. ತಪ್ಪಾತು. ತಡಕೊಳ್ಳಾಕ ಆಗಲಿಲ್ಲ. ಆದ್ರ ನೀ ಅಂತೂ ಮೊದಲ್ನೇ ಸಲ ಕೇಳಾಕ ಹತ್ತಿಯಲ್ಲ, ನಿಂದೇನೂ ಹಾಳಾಗಿಲ್ಲಲ್ಲ? ಹಿಂದಕ್ಕ ಹಾಕ್ತೀನಿ, ಪೂರಾ ಕೇಳು."

ಹೊನ್ನೂರಸ್ವಾಮಿ ಕಿವಿಯ ಮಷಿನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಅವನು ಸಿಟ್ಟಾಗಿದ್ದರೆ ಮರುಳಪ್ಪನಿಗೆ ಬದುಕು ಹಗುರವಾಗುತ್ತಿತ್ತು. ಅವನು ಸಿಟ್ಟಾಗಲಿಲ್ಲ.

"ಇದು ಹಾಕ್ಕೊಂಡು ತುಟಿ ನೋಡಿದ್ರ ಮಾತು ತಿಳೀತೈತಿ, ಅಣ್ಣ. ಗಿಟಾರು ತಗಡು ಬಡದಂಗ ಕೇಳ್ತೈತಿ. ಇವತ್ತಿಂದಲ್ಲ, ಭಾಳ ದಿನ ಆತು ಹಿಂಗ. ಇನ್ನ ಸರಿ ಆಗಂಗಿಲ್ಲ ಅಂದ್ರು ಡಾಕ್ಟ್ರು."

"ಮತ್ತ ವಾರಾ ವಾರಾ ಬಂದು ಏನು ಕೇಳ್ತಿದ್ದೆಲೇ?"

"ನಿನ್ನ ಮುಖ ನೋಡ್ತಿದ್ದೆ," ಎಂದ ಹೊನ್ನೂರಸ್ವಾಮಿ. "ನೀ ಕಣ್ಣು ಮುಚ್ಚಿದ್ರ ಅಂವ ಮೆಲ್ಲಕ ಬಾರಸಾಕ ಹತ್ಯಾನ ಅಂತ. ನಿನ್ನ ಹುಬ್ಬು ಕೂಡಿದ್ರ ತಂತಿ ಜಗ್ಗ್ಯಾನ ಅಂತ. ಹಳೇದೆಲ್ಲ ಕಿವಿಯಾಗ ಇತ್ತಲ್ಲ, ನಿನ್ನ ಮುಖ ನೋಡಿದ್ರ ಒಳಗ ಕೇಳಸ್ತಿತ್ತು. ಹೇಳಿದ್ರ, ಇಂವಗ್ಯಾಕ ತ್ರಾಸು ಅಂತ ನೀ ಪ್ರೋಗ್ರಾಮ್ ಹಾಕೋದ ಬಿಟ್ಟುಬಿಡ್ತೀ ಅಂತ ಹೇಳಲಿಲ್ಲ. ಇವತ್ತೂ ಶುರುವಿನಿಂದ ನಿನ್ನ ಮುಖ ನೋಡೇ ನೋಡಿದೆ. ಏನೂ ಕೇಳಸಲಿಲ್ಲ."

ಮರುಳಪ್ಪ ರಿಮೋಟಿಗೆ ಕೈ ಚಾಚಿದ. ಬೇರೆ ಯಾವುದಾದರೂ ಹಾಕುತ್ತೇನೆ, ಇಬ್ಬರೂ ನೋಡದ್ದು ಇನ್ನೂ ಬೇಕಾದಷ್ಟಿವೆ ಎಂದು ಏನೇನೋ ತೊದಲಿದ. ಹೊನ್ನೂರಸ್ವಾಮಿ ಅವನ ತುಟಿಗಳನ್ನು ಕೊನೆಯವರೆಗೂ ಓದಿ, ಕೈ ಎತ್ತಿ ತಡೆದ.

"ನೀ ಒಬ್ನ ನೋಡಿದ ದಿನ, ಈ ತಂತಿ ಹರದಾಗ ಏನಾತು ನಿನಗ? ನಕ್ಕ್ಯಾ?"

"ಇಲ್ಲ," ಎಂದ ಮರುಳಪ್ಪ. "ಅತ್ತೆ. ಸಣ್ಣ ಹುಡುಗರಂಗ ಅತ್ತೆ."

ಹೊನ್ನೂರಸ್ವಾಮಿ ಪರದೆಯ ಮೇಲೆ ನಿಂತುಹೋದ ಗುಂಡಜ್ಜನನ್ನು ನೋಡಿದ.

"ಅದನ್ನ ನಾ ನೋಡಬೇಕಿತ್ತು, ಅಣ್ಣ."

ಮರುಳಪ್ಪನ ಕಣ್ಣು ತುಂಬಿ ಬಂತು. ಹೊನ್ನೂರಸ್ವಾಮಿ ತಿರುಗಿ ಆ ಮುಖವನ್ನು ಆಸೆಯಿಂದ ದಿಟ್ಟಿಸಿದ. ಆಮೇಲೆ, ಇದು ಗುಂಡಜ್ಜ ತರಿಸಿದ ಕಣ್ಣೀರಲ್ಲ ಎಂದು ತಿಳಿದು, ಮೆಲ್ಲಗೆ ಬೇರೆ ಕಡೆ ನೋಡಿದ.